ಹಳ್ಳಿಗಾಡಿನ ಕೌಂಟಿಗೆ ಬಂದಿದ್ದೀರಾ? ಗಾಳಿ, ನೆರೆ, ಹಿಮ, ಬೆಂಕಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡಿಗರೆಲ್ಲ ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇಲ್ಲ. ಸಣ್ಣ ಊರಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದವರು, ಕಾಲೇಜಿನಲ್ಲಿ ಪಾಠ ಹೇಳುವವರು, ಕಾರ್ಖಾನೆಯ ಇಂಜಿನಿಯರುಗಳು ಮೆಕ್ಕೆಜೋಳದ ಹೊಲಗಳ ನಡುವೆಯೂ ಮನೆ ಮಾಡಿದ್ದಾರೆ. ನಾನೂ 11 ವರ್ಷದಿಂದ ಮಿಡ್‌ವೆಸ್ಟಿನ ಅಂಥದೊಂದು ಕೌಂಟಿಯಲ್ಲಿದ್ದೇನೆ. ಪಕ್ಕದ ಮನೆ ಅನ್ನುವುದು ಅರ್ಧ ಮೈಲಿ ದೂರ. ಹೊಸದಾಗಿ ಬಂದವರು ಮೊದಲ ಸಲ ಸೈರನ್ ಕೇಳಿದ ರಾತ್ರಿ ಗಾಬರಿಯಿಂದ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ತಾನೆ? ಏನಾದರೂ ಆದರೆ ಡಿಸಿ, ತಹಶೀಲ್ದಾರ್ ತರಹದವರು ಬರುವುದಿಲ್ಲವೇ?

ನಕ್ಷೆಯ ಮೇಲೆ ಜಿಲ್ಲೆಯ ಹಾಗೆಯೇ ಕಾಣುತ್ತದೆ, ಆದರೆ ಜಿಲ್ಲಾಡಳಿತ ಎಂಬ ದೊಡ್ಡ ಯಂತ್ರ ಅದರ ಹಿಂದೆ ಇಲ್ಲ. ದೇಶದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ನೆಬ್ರಾಸ್ಕಾದ ಚೆರ್ರಿ ಕೌಂಟಿಯನ್ನೇ ನೋಡಿ. ವಿಸ್ತೀರ್ಣದಲ್ಲಿ ಅದು ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, 2020ರ ಜನಗಣತಿಯಲ್ಲಿ ಅಲ್ಲಿದ್ದವರು ಐದೂವರೆ ಸಾವಿರ ಜನ ಮಾತ್ರ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ ಅದೇ ವರ್ಷ ಇದ್ದದ್ದು 64 ಜನ. ನಮ್ಮ ಕಡೆ ಒಂದು ಮದುವೆ ಬಸ್ಸಿನಲ್ಲಿ ಹಿಡಿಸಬಹುದಾದಷ್ಟು.

ಇಂಥ ಕಡೆ ಚುನಾಯಿತ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರು, ಇರುತ್ತಾರೆ, ಕೆಲವೇ ಡೆಪ್ಯುಟಿಗಳಿರುತ್ತಾರೆ. ವಿಪತ್ತು ನಿರ್ವಹಣೆಗೆ ‘ಎಮರ್ಜೆನ್ಸಿ ಮ್ಯಾನೇಜರ್’ ಎಂಬ ಒಬ್ಬರು. ಎಷ್ಟೋ ಕೌಂಟಿಗಳಲ್ಲಿ ಅದೂ ಅರೆಕಾಲಿಕ ಹುದ್ದೆ. ಅಗ್ನಿಶಾಮಕ ದಳದವರು ಹೆಚ್ಚಾಗಿ ಸ್ವಯಂಸೇವಕರು. ಪೇಜರ್ ಹೊಡೆದುಕೊಂಡಾಗ ಹೊಲದಿಂದಲೋ ಅಂಗಡಿಯಿಂದಲೋ ಎದ್ದು ಸ್ಟೇಷನ್ನಿಗೆ ಓಡಿ, ಅಲ್ಲಿಂದ ವಾಹನ ಹೊರಡಿಸಿಕೊಂಡು ಬರಬೇಕು. ಅವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೆ ದಾರಿ ಉದ್ದ. ಆದ್ದರಿಂದ ಮೊದಲ ಕೆಲವು ಗಂಟೆ, ಕೆಲವೊಮ್ಮೆ ಮೊದಲ ಕೆಲವು ದಿನ, ನಿಮಗೆ ನೀವೇ ಎಂದುಕೊಂಡೇ ತಯಾರಿ ಮಾಡಿಕೊಳ್ಳಿ. ಕೆಳಗಿನ ಉತ್ತರಗಳೆಲ್ಲ ಹುಟ್ಟುವುದು ಈ ದೂರದಿಂದಲೇ.

ನಮ್ಮ ಕೌಂಟಿಯಲ್ಲಿ ಯಾವ ಅಪಾಯ ಹೆಚ್ಚು ಎಂದು ತಿಳಿಯುವುದು ಹೇಗೆ?

ಮೂರು ದಾರಿಗಳಿವೆ. ಕೌಂಟಿಗಳು ‘ಹಜಾರ್ಡ್ ಮಿಟಿಗೇಷನ್ ಪ್ಲ್ಯಾನ್’ (ಅಪಾಯ ತಗ್ಗಿಸುವ ಯೋಜನೆ) ಎಂಬ ದಾಖಲೆ ಮಾಡಿ 5 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತವೆ, ಏಕೆಂದರೆ ಅದಿಲ್ಲದೆ ಫೆಮಾ ಎಂಬ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಿಂದ ತಡೆ ಕಾಮಗಾರಿಗಳಿಗೆ ಹಣ ಸಿಗುವುದಿಲ್ಲ. ಕೌಂಟಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಓದಲು ಬೇಸರದ ಪುಸ್ತಕ, ಆದರೆ ಯಾವ ಹಳ್ಳ ಯಾವ ರಸ್ತೆಯನ್ನು ಎಷ್ಟು ಸಲ ಮುಳುಗಿಸಿತು ಎಂಬ ಪಟ್ಟಿ ಅದರಲ್ಲಿರುತ್ತದೆ. ಎರಡನೆಯದು ಫೆಮಾದ ‘ನ್ಯಾಷನಲ್ ರಿಸ್ಕ್ ಇಂಡೆಕ್ಸ್’, 18 ಬಗೆಯ ಅಪಾಯಗಳನ್ನು ಕೌಂಟಿವಾರು ತೋರಿಸುತ್ತದೆ.

ಮೂರನೆಯದನ್ನು ನಾನು ಹೆಚ್ಚು ನಂಬುತ್ತೇನೆ: ಅದೇ ರಸ್ತೆಯಲ್ಲಿ 60 ವರ್ಷದಿಂದ ಇರುವ ಮುದುಕರು. ಮನೆ ಕೊಳ್ಳುವ ಮೊದಲು ಹೋಗಿ, “ಇಲ್ಲಿ ನೀರು ಎಲ್ಲಿಯವರೆಗೆ ಬಂದದ್ದು ನೋಡಿದ್ದೀರಿ?” ಎಂದು ಕೇಳಿ. ನನಗೆ ಒಬ್ಬರು ಕೊಟ್ಟಿಗೆಯ ಕಂಬದ ಮೇಲೆ ಚಾಕುವಿನಲ್ಲಿ ಕೊರೆದ ಗೆರೆಯನ್ನೇ ತೋರಿಸಿದರು. ನನ್ನ ಎದೆಯ ಮಟ್ಟಕ್ಕಿತ್ತು. ಆ ತಗ್ಗಿನ ಮನೆಯನ್ನು ನಾವು ಕೊಳ್ಳಲಿಲ್ಲ.

ಹವಾಮಾನದ ಎಚ್ಚರಿಕೆಗಳಲ್ಲಿ ವಾಚ್, ವಾರ್ನಿಂಗ್ ಎಂದು ಬರುತ್ತದಲ್ಲ, ಎರಡಕ್ಕೂ ಏನು ವ್ಯತ್ಯಾಸ?

ವಾಚ್ ಅಂದರೆ ಮೋಡ ಕಟ್ಟಿದೆ, ಮಾಳಿಗೆಯ ಮೇಲಿನ ಹಪ್ಪಳದ ಮೇಲೆ ಒಂದು ಕಣ್ಣಿರಲಿ. ವಾರ್ನಿಂಗ್ ಅಂದರೆ ಹನಿ ಬಿದ್ದಾಯಿತು, ಓಡು.

ಸುಂಟರಗಾಳಿಯ ವಾಚ್ ಅನ್ನು ಓಕ್ಲಹೋಮಾದ ನಾರ್ಮನ್‌ನಲ್ಲಿರುವ ‘ಸ್ಟಾರ್ಮ್ ಪ್ರೆಡಿಕ್ಷನ್ ಸೆಂಟರ್’ ಹೊರಡಿಸುತ್ತದೆ. ಅದು ಹತ್ತಾರು ಕೌಂಟಿಗಳಿಗೆ, ಹಲವು ಗಂಟೆಗಳ ಕಾಲ ಇರುತ್ತದೆ. ವಾರ್ನಿಂಗ್ ಬರುವುದು ಸರ್ಕಾರಿ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್‌ನ ಸ್ಥಳೀಯ ಕಚೇರಿಯಿಂದ. ರೇಡಾರಿನಲ್ಲಿ ಸುಳಿ ಕಂಡಿದೆ, ಅಥವಾ ಯಾರೋ ಕಣ್ಣಾರೆ ನೋಡಿದ್ದಾರೆ ಎಂದರ್ಥ. ಆಮೇಲೆ ನಿಮಗೆ ಸಿಗುವುದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಕೆಲವೊಮ್ಮೆ ಅದೂ ಇಲ್ಲ. ಶೂ ಹಾಕಿಕೊಳ್ಳುವುದು, ಫೋನ್ ಚಾರ್ಜ್ ಮಾಡುವುದು, ಕಾರಿನ ಕೀ ಹುಡುಕುವುದು ಇವೆಲ್ಲ ವಾಚ್ ಇದ್ದಾಗಲೇ ಮುಗಿದಿರಬೇಕು.

ನಮ್ಮ ಮನೆಗೆ ಸೈರನ್ ಕೇಳಿಸುವುದೇ ಇಲ್ಲ. ದೂರು ಕೊಡಬೇಕೇ?

ಕೊಟ್ಟು ಪ್ರಯೋಜನವಿಲ್ಲ. ಆ ಸೈರನ್ ಇರುವುದೇ ಹೊರಗೆ ಬಯಲಿನಲ್ಲಿರುವವರಿಗೆ. ಕಿಟಕಿ ಮುಚ್ಚಿ, ಎಸಿ ಹಾಕಿ ಮಲಗಿದವರನ್ನು ಎಬ್ಬಿಸುವುದು ಅದರ ಉದ್ದೇಶವೇ ಅಲ್ಲ. ಊರಿನಿಂದ ಆಚೆ ಹೊಲದ ನಡುವಿನ ಮನೆಗಳಿಗೆ ಅದು ಮುಟ್ಟುವುದೂ ಇಲ್ಲ. ಕೆಲವು ಕಡೆ ಸೈರನ್ನೇ ಇರುವುದಿಲ್ಲ.

ಫೋನಿಗೆ ಬರುವ ಎಚ್ಚರಿಕೆ ಒಳ್ಳೆಯದೇ, ಆದರೆ ಟವರ್ ಬಿದ್ದರೆ ಅದೂ ಬಿತ್ತು. ಹಳ್ಳಿಯಲ್ಲಿ ಸಿಗ್ನಲ್ ಮೊದಲೇ ಒಂದೋ ಎರಡೋ ಕಡ್ಡಿ. ಹೊಸಬರಿಗೆ ನಾನು ಮೊದಲು ಹೇಳುವುದು ಒಂದೇ ವಸ್ತು: ನೋವಾ ವೆದರ್ ರೇಡಿಯೋ, ಸರ್ಕಾರದ ಹವಾಮಾನ ಪ್ರಸಾರ ಕೇಳುವ ರೇಡಿಯೋ. 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ 7 ತರಂಗಾಂತರಗಳಲ್ಲಿ ಹಗಲೂ ರಾತ್ರಿ ಹವಾಮಾನ ಹೇಳುತ್ತಿರುತ್ತದೆ. ಕೌಂಟಿಗೊಂದು 6 ಅಂಕಿಯ ಸಂಕೇತ ಇದೆ. ಅದನ್ನು ಒತ್ತಿ ಕೂರಿಸಿಬಿಟ್ಟರೆ ನಿಮ್ಮ ಕೌಂಟಿಗೆ ಎಚ್ಚರಿಕೆ ಬಂದಾಗ ಕಿರುಚಿಕೊಳ್ಳುತ್ತದೆ, ಉಳಿದಂತೆ ತೆಪ್ಪಗಿರುತ್ತದೆ. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ಮಂಚದ ಪಕ್ಕದಲ್ಲೇ ಇಡಿ, ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಬದಲಾಯಿಸಿ. ಆಯುಧಪೂಜೆಯ ದಿನ ಬದಲಾಯಿಸುವುದು ನಮ್ಮ ಮನೆಯ ಪದ್ಧತಿ, ಮರೆತುಹೋಗುವುದಿಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ನಾವು ಕೆಲಸಕ್ಕೆ ಹೋದಾಗ ಏನಾದರೂ ಆದರೆ?

ಇದು ನನಗೇ ಆದದ್ದು. ನಮ್ಮಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಪರೀಕ್ಷೆ. ಅಮ್ಮನಿಗೆ ಹೇಳುವುದು ಮರೆತಿದ್ದೆ. ಸೈರನ್ ಹೊಡೆದ ಕೂಡಲೇ ಅವರು ಒಲೆ ಆರಿಸಿ, ಪಾಸ್‌ಪೋರ್ಟಿನ ಚೀಲ ಎತ್ತಿಕೊಂಡು, ಅಪ್ಪನ ಕೈಹಿಡಿದು ಹೊರಗೆ ಅಂಗಳದ ನಡುವೆ ಬಂದು ನಿಂತುಬಿಟ್ಟಿದ್ದರು. ಒಲೆ ಆರಿಸಿದ್ದು ಸರಿ, ಪಾಸ್‌ಪೋರ್ಟ್ ಸರಿ, ಅಂಗಳ ಮಾತ್ರ ಪೂರಾ ತಪ್ಪು. ಆಪತ್ತು ಬಂದರೆ ಮನೆಯಿಂದ ಆಚೆ ಓಡಬೇಕು ಎಂಬುದು ಅವರ ಲೆಕ್ಕ. ಇಲ್ಲಿ ಸುಂಟರಗಾಳಿಗೆ ಒಳಕ್ಕೆ, ಕೆಳಕ್ಕೆ ಹೋಗಬೇಕು.

ಅವತ್ತೇ ಸಂಜೆ ಫ್ರಿಜ್ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದ ಚೀಟಿ ಅಂಟಿಸಿದೆ. “ಸೈರನ್ / ಫೋನ್ ಕಿರುಚಿದರೆ: ಕೆಳಗೆ ಬೇಸ್‌ಮೆಂಟ್. ಮೆಟ್ಟಿಲ ಹಿಂದೆ. ಚಪ್ಪಲಿ ಹಾಕಿಕೊಂಡು.” ಫೋನಿಗೆ ಬರುವ ಸರ್ಕಾರಿ ಎಚ್ಚರಿಕೆಗಳು ಇಂಗ್ಲಿಷ್, ಸ್ಪ್ಯಾನಿಷ್‌ನಲ್ಲಿ ಇರುತ್ತವೆ, ಕನ್ನಡದಲ್ಲಿ ಇಲ್ಲ. ಆದ್ದರಿಂದ ಓದಲು ಹೇಳಿಕೊಡುವುದಕ್ಕಿಂತ ಸದ್ದನ್ನು ಗುರುತಿಸಲು ಹೇಳಿಕೊಡಿ. ಒಂದು ಸಲ ಅವರನ್ನು ನಿಜವಾಗಿ ಕೆಳಗಿಳಿಸಿ ನೋಡಿ. ಮೊಣಕಾಲು ನೋವಿನವರಿಗೆ ಎಷ್ಟು ಹೊತ್ತು ಬೇಕು ಎಂದು ಆಗಲೇ ಗೊತ್ತಾಗುವುದು. ನಮ್ಮಪ್ಪನಿಗೆ 4 ನಿಮಿಷ ಹಿಡಿಯಿತು. ಅಂದಿನಿಂದ ವಾಚ್ ಬಂದರೆ ಸಾಕು, ಅವರು ಪೇಪರ್ ಹಿಡಿದು ಕೆಳಗೆ ಹೋಗಿ ಕೂರುತ್ತಾರೆ.

ತುರ್ತು ಸಹಾಯದ ಸಂಖ್ಯೆ 911ಕ್ಕೆ ಫೋನ್ ಮಾಡಲೂ ಕಲಿಸಿ. ಮೊದಲು ಹೇಳಬೇಕಾದದ್ದು ವಿಳಾಸ. ಬಹಳಷ್ಟು ಕೇಂದ್ರಗಳು ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುತ್ತವೆ, ಆದರೆ ‘ಕನ್ನಡ’ ಎಂದರೆ ‘ಕೆನಡಾ’ ಎಂದು ಕೇಳಿಸಿಕೊಳ್ಳುವವರೇ ಹೆಚ್ಚು. ‘ಕನ್ನಡ, ಇಂಡಿಯಾ’ ಎಂದು ಜೊತೆಗೂಡಿಸಿ ಹೇಳಲಿ.

ಬೇಸ್‌ಮೆಂಟ್ ಇಲ್ಲದ ಮನೆ ನಮ್ಮದು.

ಕೆಳ ಅಂತಸ್ತಿನಲ್ಲಿ ಮನೆಯ ನಟ್ಟನಡುವಿನ, ಕಿಟಕಿಯಿಲ್ಲದ ಸಣ್ಣ ಕೋಣೆ: ಬಚ್ಚಲು, ಬಟ್ಟೆಯ ಕ್ಲಾಸೆಟ್, ಮೆಟ್ಟಿಲ ಕೆಳಗಿನ ಜಾಗ. ನಿಮಗೂ ಹೊರಗಿನ ಗಾಳಿಗೂ ನಡುವೆ ಎಷ್ಟು ಗೋಡೆಗಳಿದ್ದರೆ ಅಷ್ಟು ಒಳ್ಳೆಯದು. ಮಕ್ಕಳ ಸೈಕಲ್ ಹೆಲ್ಮೆಟ್ ಅಲ್ಲೇ ಇಡಿ, ತಲೆಗೆ ಬೀಳುವ ಪೆಟ್ಟೇ ಪ್ರಾಣಕ್ಕೆ ಎರವಾಗುವುದು. ಹಾಸಿಗೆ ಅಥವಾ ದಪ್ಪ ರಜಾಯಿ ಮೈಮೇಲೆ ಎಳೆದುಕೊಳ್ಳಿ. ಕಿಟಕಿ ತೆರೆದಿಟ್ಟರೆ ಒತ್ತಡ ಸಮವಾಗುತ್ತದೆ ಎನ್ನುವುದು ಹಳೆಯ ಸುಳ್ಳು, ಅದಕ್ಕೆ ಸಮಯ ಹಾಳುಮಾಡಬೇಡಿ.

ಮೊಬೈಲ್ ಹೋಮ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲಿ ಮಾಡಿ ತಂದು ನಿಲ್ಲಿಸಿದ ಹಗುರ ಮನೆಯಲ್ಲಿ, ಇದ್ದರೆ ವಿಷಯವೇ ಬೇರೆ. ಅದನ್ನು ನೆಲಕ್ಕೆ ಎಷ್ಟೇ ಬಿಗಿದಿದ್ದರೂ ಸುಂಟರಗಾಳಿಯಲ್ಲಿ ಅದರೊಳಗೆ ಇರಕೂಡದು. ವಾಚ್ ಬಂದಾಗಲೇ ಹೊರಟು ಗಟ್ಟಿ ಕಟ್ಟಡ ಸೇರಿಕೊಳ್ಳಿ. ಯಾವುದು, ರಾತ್ರಿ ಅದರ ಬಾಗಿಲು ತೆರೆದಿರುತ್ತದೆಯೇ ಎಂದು ಇವತ್ತೇ ವಿಚಾರಿಸಿಡಿ.

ಎಚ್ಚರಿಕೆ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಕಾನ್ಸಾಸ್‌ನ ಗ್ರೀನ್ಸ್‌ಬರ್ಗ್ ಇದೆ. ಕೈಯೋವಾ ಕೌಂಟಿಯ ಸುಮಾರು 1,400 ಜನರ ಊರು. 2007ರ ಮೇ 4ರ ರಾತ್ರಿ ಊರಿಗಿಂತ ಅಗಲವಾದ, ಇಎಫ್-5 ಎಂಬ ಅತಿ ತೀವ್ರ ದರ್ಜೆಯ ಸುಂಟರಗಾಳಿ ಬಂದು ಶೇ 95ರಷ್ಟು ಊರನ್ನು ನೆಲಸಮ ಮಾಡಿತು. ಸತ್ತವರು ಹತ್ತರ ಆಸುಪಾಸು. ಎಚ್ಚರಿಕೆ ಸುಮಾರು 20 ನಿಮಿಷ ಮೊದಲೇ ಸಿಕ್ಕಿತ್ತು, ಜನ ನೆಲಮಾಳಿಗೆಗೆ ಇಳಿದಿದ್ದರು. ಮೇಲೆ ಬಂದಾಗ ಮನೆ ಇರಲಿಲ್ಲ, ಅವರು ಇದ್ದರು.

ಸುಂಟರಗಾಳಿಯಲ್ಲ, ಬರೀ ಜೋರು ಗಾಳಿ ಎಂದಿದ್ದರೆ ನಿಶ್ಚಿಂತೆಯಿಂದ ಇರಬಹುದಲ್ಲ?

ಅಯೋವಾದವರ ಮುಂದೆ ಹೀಗೆ ಅನ್ನಬೇಡಿ. 2020ರ ಆಗಸ್ಟ್ 10ರಂದು ಅಲ್ಲಿಗೆ ಬಂದದ್ದು ಸುತ್ತುವ ಗಾಳಿಯಲ್ಲ, ನೇರಗಾಳಿ; ಡೆರೇಚೋ ಎನ್ನುತ್ತಾರೆ. ಕೆಲವೆಡೆ ಗಂಟೆಗೆ 140 ಮೈಲಿ ವೇಗ ಇತ್ತೆಂದು ಅಂದಾಜು. ಮೆಕ್ಕೆಜೋಳ ಚಾಪೆ ಹಾಸಿದಂತೆ ಮಲಗಿತು, ಉಕ್ಕಿನ ಧಾನ್ಯದ ಕಣಜಗಳು ಹಿಂಡಿ ಎಸೆದ ಡಬ್ಬಿಗಳಂತೆ ಬಿದ್ದಿದ್ದವು, ಸೀಡರ್ ರ‍್ಯಾಪಿಡ್ಸ್ ಕಡೆ ಹಲವರಿಗೆ ವಾರ ಕಳೆದರೂ ಕರೆಂಟ್ ಇರಲಿಲ್ಲ. ‘ಸಿವಿಯರ್ ಥಂಡರ್‌ಸ್ಟಾರ್ಮ್ ವಾರ್ನಿಂಗ್’ನಲ್ಲಿ ಗಾಳಿಯ ವೇಗ 80 ಮೈಲಿ ಎಂದು ಬರೆದಿದ್ದರೆ ಸುಂಟರಗಾಳಿಗೆ ಎಲ್ಲಿ ಹೋಗುತ್ತೀರೋ ಅಲ್ಲಿಗೇ ಹೋಗಿ.

ರಸ್ತೆಯ ಮೇಲೆ ಸ್ವಲ್ಪವೇ ನೀರು ಹರಿಯುತ್ತಿದೆ. ನಮ್ಮದು ಎಸ್‌ಯುವಿ. ದಾಟಬಹುದೇ?

ಬೇಡ. ಹರಿಯುವ ನೀರು 6 ಇಂಚು ಇದ್ದರೆ ನಿಂತ ಮನುಷ್ಯನನ್ನು ಬೀಳಿಸುತ್ತದೆ, 12 ಇಂಚು ಸಣ್ಣ ಕಾರನ್ನು ಎಳೆದೊಯ್ಯುತ್ತದೆ, 2 ಅಡಿ ಆದರೆ ಎಸ್‌ಯುವಿ, ಪಿಕಪ್ ಎಲ್ಲ ತೇಲುತ್ತವೆ. ನೆರೆಯಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಾಹನದಲ್ಲಿದ್ದವರು. ಹಳ್ಳಿಯ ಜಲ್ಲಿ ರಸ್ತೆಗಳಲ್ಲಿ ಇನ್ನೊಂದು ಮೋಸ ಉಂಟು: ಕೆಳಗಿನ ಮೋರಿ ಕೊಚ್ಚಿಹೋಗಿ ರಸ್ತೆಯೇ ಇರುವುದಿಲ್ಲ, ಮೇಲೆ ಕಂದು ನೀರು ಮಟ್ಟಸವಾಗಿ ಹರಿಯುತ್ತಿರುತ್ತದೆ. ನೋಡಿದರೆ ಅರ್ಧ ಅಡಿ, ಇಳಿದರೆ ಎಂಟು ಅಡಿ.

ಬೆಟ್ಟದ ಕಣಿವೆಯಲ್ಲಿದ್ದರೆ ಕಾರನ್ನೇ ಬಿಟ್ಟುಬಿಡಿ. 1976ರ ಜುಲೈ 31ರ ಸಂಜೆ, ಕೊಲರಾಡೋ ರಾಜ್ಯಕ್ಕೆ ನೂರು ವರ್ಷ ತುಂಬುವ ಹಿಂದಿನ ದಿನ, ಲ್ಯಾರಿಮರ್ ಕೌಂಟಿಯ ಬಿಗ್ ಥಾಂಪ್ಸನ್ ಕಣಿವೆಯಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 12 ಇಂಚು ಮಳೆ ಸುರಿಯಿತು. ರಜೆಗೆ ಬಂದವರಿಂದ ಕಣಿವೆ ತುಂಬಿತ್ತು. 140ಕ್ಕೂ ಹೆಚ್ಚು ಜನ ಸತ್ತರು. ರಸ್ತೆ ಹಿಡಿದು ನೀರಿಗಿಂತ ಮೊದಲು ಕೆಳಗೆ ತಲುಪಿಬಿಡುತ್ತೇವೆ ಎಂದು ಹೊರಟವರು ಅವರಲ್ಲಿ ಬಹಳ. ಕಾರು ಬಿಟ್ಟು ಪಕ್ಕದ ಇಳಿಜಾರನ್ನು ಕೈಕಾಲಿನಲ್ಲಿ ಹತ್ತಿದವರು ಉಳಿದರು. ಈಗ ಆ ರಾಜ್ಯದ ಕಣಿವೆಗಳಲ್ಲಿ ಫಲಕಗಳಿವೆ: ನೆರೆ ಬಂದರೆ ಮೇಲಕ್ಕೆ ಹತ್ತಿ.

ನದಿ ಎಷ್ಟು ಬೇಗ ಏರಬಹುದು ಎಂಬ ಅಂದಾಜು ನಮಗೆ ಇರುವುದಿಲ್ಲ. 2025ರ ಜುಲೈ 4ರ ನಸುಕಿನಲ್ಲಿ ಟೆಕ್ಸಸ್‌ನ ಕರ್ ಕೌಂಟಿಯಲ್ಲಿ ಗ್ವಾಡಲೂಪ್ ನದಿ 45 ನಿಮಿಷದಲ್ಲಿ ಸುಮಾರು 26 ಅಡಿ ಏರಿತು. ಆ ಒಂದು ಕೌಂಟಿಯಲ್ಲೇ ನೂರಕ್ಕೂ ಹೆಚ್ಚು ಜನ ಹೋದರು, ಬೇಸಿಗೆ ಶಿಬಿರಕ್ಕೆ ಬಂದಿದ್ದ ಪುಟ್ಟ ಹುಡುಗಿಯರೂ ಸೇರಿ. ನದಿ ದಂಡೆಯ ಕ್ಯಾಬಿನ್‌ನಲ್ಲಿ ರಾತ್ರಿ ತಂಗುವುದಾದರೆ, ಕತ್ತಲಲ್ಲಿ ಯಾವ ದಾರಿಯಲ್ಲಿ ಗುಡ್ಡ ಹತ್ತುವುದು ಎಂದು ಬೆಳಕಿರುವಾಗಲೇ ನಡೆದು ನೋಡಿ.

ಮನೆಗೆ ವಿಮೆ ಇದೆ. ನೆರೆಗೂ ಅದೇ ಸಾಕಲ್ಲ?

ಸಾಲದು. ಮಾಮೂಲಿ ಹೋಮ್‌ಓನರ್ಸ್ ವಿಮೆಯಲ್ಲಿ ನೆರೆ ಬರುವುದೇ ಇಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಫ್ಲಡ್ ಇನ್ಶೂರೆನ್ಸ್ ಪ್ರೋಗ್ರಾಂನಿಂದ ಬೇರೆ ಪಾಲಿಸಿ ತೆಗೆದುಕೊಳ್ಳಬೇಕು. ಮನೆಗೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್. ಬಾಡಿಗೆಯವರೂ ಸಾಮಾನಿಗೆ ಮಾಡಿಸಬಹುದು. ಹಣ ಕಟ್ಟಿದ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಆದ್ದರಿಂದ ಮುನ್ಸೂಚನೆ ನೋಡಿಕೊಂಡು ಮಾಡಿಸುತ್ತೇನೆ ಎನ್ನುವ ಉಪಾಯ ನಡೆಯುವುದಿಲ್ಲ. ಬೇಸ್‌ಮೆಂಟಿನ ಸಾಮಾನಿಗೆ ರಕ್ಷಣೆ ಬಹಳ ಕಡಿಮೆ, ಅದನ್ನು ಏಜೆಂಟರ ಹತ್ತಿರ ಬಿಡಿಸಿ ಕೇಳಿ.

‘ನೂರು ವರ್ಷದ ನೆರೆ’ ಎಂಬ ಮಾತು ಜನರನ್ನು ಹಾದಿ ತಪ್ಪಿಸಿದೆ. ನೂರು ವರ್ಷಕ್ಕೊಮ್ಮೆ ಬರುತ್ತದೆ ಎಂದಲ್ಲ. ಪ್ರತಿ ವರ್ಷವೂ ಬರುವ ಸಾಧ್ಯತೆ ಶೇ 1. 30 ವರ್ಷದ ಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26. ನಾಲ್ಕರಲ್ಲೊಂದು.

ಕರೆಂಟ್ ಹೋದರೆ ಬಾವಿ ನೀರು ಇದ್ದೇ ಇದೆಯಲ್ಲ?

ಇಲ್ಲಿ ಬಾವಿ ಅಂದರೆ ಕೊಳವೆಬಾವಿ, ಹಗ್ಗ ರಾಟೆ ಇಲ್ಲ. ಕರೆಂಟ್ ಹೋದರೆ ಪಂಪು ನಿಂತಿತು, ಪ್ರೆಷರ್ ಟ್ಯಾಂಕಿನಲ್ಲಿ ಉಳಿದ ಕೆಲವು ಗ್ಯಾಲನ್ ಆದಮೇಲೆ ನಲ್ಲಿಯೂ ನಿಂತಿತು. ಪೇಟೆಯವರಿಗೆ ಕರೆಂಟ್ ಹೋದರೆ ಕತ್ತಲು ಮಾತ್ರ. ನಮಗೆ ಕತ್ತಲು, ಬಾಯಾರಿಕೆ, ಫ್ಲಶ್ ಆಗದ ಕಕ್ಕಸು, ಮೂರೂ ಒಟ್ಟಿಗೆ. ನಮ್ಮ ಮನೆಯಲ್ಲಿ ಒಮ್ಮೆ 5 ದಿನ ಕರೆಂಟ್ ಇರಲಿಲ್ಲ. ಎರಡನೇ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಉಸಿರು ಬಿಟ್ಟಂತೆ ಬರೀ ಗಾಳಿ ಬಂತು.

ಲೆಕ್ಕ ಸುಲಭ: ಒಬ್ಬರಿಗೆ ದಿನಕ್ಕೆ 1 ಗ್ಯಾಲನ್, ಅಂದರೆ 3.8 ಲೀಟರ್. ನಾಲ್ಕು ಜನರಿಗೆ ಒಂದು ವಾರಕ್ಕೆ 28 ಗ್ಯಾಲನ್. ಇದು ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಮಾತ್ರ. ಬಿರುಗಾಳಿಯ ಸೂಚನೆ ಸಿಕ್ಕ ಕೂಡಲೇ ಬಾತ್‌ಟಬ್ ತುಂಬಿಸಿ, ಆ ನೀರು ಕಕ್ಕಸಿಗೆ. ಬಕೆಟ್ಟಿನಿಂದ ಜೋರಾಗಿ ಒಮ್ಮೆಗೇ ಸುರಿದರೆ ಫ್ಲಶ್ ಆಗುತ್ತದೆ. ಬಕೆಟ್ಟು, ಚೊಂಬಿನಲ್ಲಿ ಬೆಳೆದವರು ನಾವು, ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ನೀರಿನ ಮೇಲೆ ಅನುಮಾನ ಬಂದರೆ ಕೊತಕೊತ ಒಂದು ನಿಮಿಷ ಕುದಿಸಿ. 6,500 ಅಡಿಗಿಂತ ಎತ್ತರದ ಜಾಗವಾದರೆ 3 ನಿಮಿಷ. ಕುದಿಸಲಾಗದಿದ್ದರೆ ವಾಸನೆಯಿಲ್ಲದ ಸಾದಾ ಬ್ಲೀಚ್ ಗ್ಯಾಲನ್ನಿಗೆ 8 ಹನಿ (ಇದು ಬಾಟಲಿಯ ಮೇಲೆ ಶೇ 6 ಎಂದಿದ್ದರೆ; ಶೇ 8.25 ಎಂದಿದ್ದರೆ 6 ಹನಿ ಸಾಕು), ಕಲಕಿ 30 ನಿಮಿಷ ಬಿಡಿ. ನೆರೆ ನೀರು ಬಾವಿಯ ಬಾಯಿಯನ್ನು ಮುಚ್ಚಿ ಹೋಗಿದ್ದರೆ ಮಾತ್ರ ಇದ್ಯಾವುದೂ ಸಾಲದು. ಹೊಲದ ಗೊಬ್ಬರ, ಔಷಧಿ, ಡೀಸೆಲ್ ಕುದಿಸಿದರೆ ಹೋಗುವುದಿಲ್ಲ. ಕೌಂಟಿಯ ಆರೋಗ್ಯ ಇಲಾಖೆಗೆ ಹೇಳಿ, ಬಾವಿ ಶುದ್ಧಿ ಮಾಡಿಸಿ, ಪರೀಕ್ಷೆಯ ಫಲ ಬರುವವರೆಗೆ ಬಾಟಲಿ ನೀರೇ ಗತಿ.

ಒಲೆ ಉರಿಯದಿದ್ದರೆ ತಿನ್ನುವುದು ಏನು?

ಇಲ್ಲಿನ ಪಟ್ಟಿಗಳಲ್ಲಿ ಡಬ್ಬಿ ಬೀನ್ಸ್, ಟ್ಯೂನಾ, ಪೀನಟ್ ಬಟರ್ ಎಂದಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಆ 5 ದಿನದಲ್ಲಿ ತಿಳಿಯಿತು. ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಕಡಲೆಬೀಜ, ಬೆಲ್ಲ, ಕೆಡದ ಹಾಲಿನ ಡಬ್ಬಿ: ಬೆಂಕಿ ಬೇಡ, ನೀರೂ ಸ್ವಲ್ಪ ಸಾಕು. ಅಜ್ಜಿ ಕಾಲದವರು ಪ್ರಯಾಣಕ್ಕೆ ಕಟ್ಟಿಕೊಳ್ಳುತ್ತಿದ್ದ ಬುತ್ತಿಯೇ ಇಲ್ಲಿಯೂ ಒದಗುವುದು. ಆರು ತಿಂಗಳಿಗೊಮ್ಮೆ ತಿಂದು ಮುಗಿಸಿ ಹೊಸದು ತುಂಬಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ಕ್ಯಾಂಪ್ ಸ್ಟೌ ಇದ್ದರೆ ಮನೆಯ ಹೊರಗೆ ಮಾತ್ರ ಹಚ್ಚಿ.

ಫ್ರಿಜ್ ಬಾಗಿಲು ತೆರೆಯದಿದ್ದರೆ 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಅನುಮಾನ ಬಂದದ್ದನ್ನು ರುಚಿ ನೋಡಿ ತೀರ್ಮಾನಿಸಬೇಡಿ, ಎಸೆಯಿರಿ.

ಜನರೇಟರ್ ಕೊಳ್ಳಬೇಕೇ?

ಬಾವಿ ಇರುವ ಮನೆಗೆ ಕೊಳ್ಳುವುದು ಒಳ್ಳೆಯದು. ಪಂಪು ಹೆಚ್ಚಾಗಿ 240 ವೋಲ್ಟಿನದು, ಸಣ್ಣ ಜನರೇಟರ್ ಅದನ್ನು ಎಬ್ಬಿಸುವುದಿಲ್ಲ. ಕೊಳ್ಳುವ ಮೊದಲು ಎಲೆಕ್ಟ್ರೀಷಿಯನ್ ಹತ್ತಿರ ಕೇಳಿ.

ಎರಡು ಮಾತು ಮಾತ್ರ ತಪ್ಪಲೇಬಾರದು. ಗ್ಯಾರೇಜಿನಲ್ಲಿ, ಪೋರ್ಚಿನಲ್ಲಿ, ಬಾಗಿಲು ತೆರೆದಿಟ್ಟರೂ ಸರಿ, ಓಡಿಸಬೇಡಿ. ಮನೆಯಿಂದ 20 ಅಡಿ ಆಚೆ, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರಲಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಕರೆಂಟ್ ಹೋಗಿ ಹೆಪ್ಪುಗಟ್ಟಿದಾಗ ಚಳಿ ತಡೆಯಲಾರದೆ ಕಾರು, ಗ್ರಿಲ್, ಜನರೇಟರ್‌ಗಳನ್ನು ಒಳಗೆ ಹಚ್ಚಿಕೊಂಡು ಹೀಗೆ ಸತ್ತವರಿದ್ದಾರೆ. ಈ ಅನಿಲವನ್ನು ಪತ್ತೆ ಮಾಡುವ ಬ್ಯಾಟರಿ ಅಲಾರಂ ಪ್ರತಿ ಅಂತಸ್ತಿನಲ್ಲೂ ಇರಲಿ. ಎರಡನೆಯದು: ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಇಲ್ಲದೆ ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಬೇಡಿ. ನಿಮ್ಮ ಕರೆಂಟ್ ತಂತಿಗೆ ಹಿಮ್ಮುಖವಾಗಿ ಹರಿದು, ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ.

ಪ್ರೊಪೇನ್ ಟ್ಯಾಂಕ್ ತುಂಬಿದೆ. ಚಳಿಗಾಲಕ್ಕೆ ಚಿಂತೆಯಿಲ್ಲ ತಾನೆ?

ಗ್ಯಾಸ್ ಇದ್ದರೂ ಬಿಸಿಗಾಳಿಯನ್ನು ಮನೆಗೆ ತಳ್ಳುವ ಫ್ಯಾನ್ ಕರೆಂಟಿನದು. ಮೊದಲ ಚಳಿಗಾಲದಲ್ಲಿ ಎಲ್ಲರೂ ಇಲ್ಲೇ ಎಡವುವುದು. ಕರೆಂಟ್ ಹೋದರೆ ಎಲ್ಲರೂ ಒಂದೇ ಕೋಣೆಗೆ ಬನ್ನಿ, ಬಾಗಿಲ ಸಂದಿಗೆ ಟವೆಲ್ ತುರುಕಿ.

ಕಾರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಇದಕ್ಕಿಂತ ಅಪಾಯ. ಗಂಟೆಗೆ 35 ಮೈಲಿ ಗಾಳಿ, ಕಾಲು ಮೈಲಿಗಿಂತ ಕಡಿಮೆ ನೋಟ, 3 ಗಂಟೆ ಎಡೆಬಿಡದೆ ಇದ್ದರೆ ಅದು ಬ್ಲಿಜರ್ಡ್. ಬಾನೂ ನೆಲವೂ ಒಂದೇ ಬಿಳಿ. ಕಾರು ಬಿಟ್ಟು ಇಳಿದರೆ ನೂರು ಅಡಿಯಲ್ಲೇ ದಾರಿ ತಪ್ಪುತ್ತೀರಿ, ಆದ್ದರಿಂದ ಕಾರಿನಲ್ಲೇ ಇರಿ. ಗಂಟೆಗೆ ಸುಮಾರು 10 ನಿಮಿಷ ಇಂಜಿನ್ ಹಚ್ಚಿ, ಹಚ್ಚುವ ಮೊದಲು ಸೈಲೆನ್ಸರ್ ಬಾಯಿಯ ಹಿಮ ಬಗೆಯಿರಿ. ನವೆಂಬರ್‌ನಿಂದ ಕಂಬಳಿ, ಸಲಿಕೆ, ಟಾರ್ಚ್, ತಿಂಡಿ ಡಿಕ್ಕಿಯಲ್ಲಲ್ಲ, ಸೀಟಿನ ಹಿಂದೆ ಇರಲಿ. ಡಿಕ್ಕಿ ಮಂಜಿಗೆ ಕಚ್ಚಿಕೊಂಡರೆ ತೆರೆಯುವುದಿಲ್ಲ.

ಕಾಡ್ಗಿಚ್ಚು ನಮ್ಮ ಮನೆವರೆಗೆ ಬರುತ್ತದೆಯೇ? ಕಾಡು ದೂರ ಇದೆ.

ಮನೆಗೆ ಬೆಂಕಿ ಹತ್ತಿಸುವುದು ಹೆಚ್ಚಾಗಿ ಜ್ವಾಲೆಯಲ್ಲ, ಗಾಳಿಯಲ್ಲಿ ಹಾರಿಬರುವ ಕಿಡಿ. 2021ರ ಡಿಸೆಂಬರ್ 30ರಂದು ಕೊಲರಾಡೋದ ಬೌಲ್ಡರ್ ಕೌಂಟಿಯಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟದ್ದು ಒಣಹುಲ್ಲಿನ ಬೆಂಕಿಯಿಂದ. ಮನೆಯ ಗೋಡೆಯಿಂದ 5 ಅಡಿಯೊಳಗೆ ಉರಿಯುವಂಥದು ಏನೂ ಇರದಂತೆ ನೋಡಿಕೊಳ್ಳಿ: ಸೌದೆ ರಾಶಿ, ಒಣ ಎಲೆ, ಮರದ ಚಕ್ಕೆಯ ಹಾಸು, ಕಸಬರಿಗೆ ಕೂಡ. ಮಳೆನೀರಿನ ದೋಣಿಯಲ್ಲಿ ಕೂತ ಎಲೆ ತೆಗೆಸಿ.

ಹೊರಡಿ ಎಂದರೆ ಹೊರಟುಬಿಡಿ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯ ಪ್ಯಾರಡೈಸ್ ಎಂಬ ಊರಿನಿಂದ ಇಳಿಯುವ ಕೆಲವೇ ರಸ್ತೆಗಳು ಕಾರುಗಳಿಂದ ಕಟ್ಟಿಕೊಂಡವು. ಆ ಬೆಂಕಿಯಲ್ಲಿ 85 ಜನ ಸತ್ತರು. ನಿಮ್ಮ ಮನೆಯಿಂದ ಎರಡನೆಯ ದಾರಿ ಯಾವುದು ಎಂದು ಗೊತ್ತಿಲ್ಲದಿದ್ದರೆ ಈ ಭಾನುವಾರ ಅದರಲ್ಲೊಮ್ಮೆ ಕಾರು ಓಡಿಸಿ ಬನ್ನಿ.

ಭೂಕಂಪ?

ಮಿಸೌರಿ, ಟೆನೆಸ್ಸೀ, ಅರ್ಕನ್ಸಾ ಕಡೆಯಿದ್ದರೆ ಮರೆಯಬೇಡಿ. 1811-12ರಲ್ಲಿ ನ್ಯೂ ಮ್ಯಾಡ್ರಿಡ್ ಪ್ರದೇಶ ಭಾರಿಯಾಗಿ ನಡುಗಿತ್ತು. ನೀರು ಕಾಯಿಸುವ ಟ್ಯಾಂಕನ್ನು ಗೋಡೆಗೆ ಪಟ್ಟಿಯಿಂದ ಬಿಗಿಸಿ. ನಡುಗುವಾಗ ಓಡಬೇಡಿ, ಮೇಜಿನ ಕೆಳಗೆ ನುಸುಳಿ ಅದರ ಕಾಲು ಹಿಡಿದುಕೊಳ್ಳಿ.

ಯಾವ ಕಾಗದಪತ್ರ ಎತ್ತಿಟ್ಟುಕೊಳ್ಳಬೇಕು?

ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿಯ ಅನುಮೋದನೆ ಪತ್ರ), ಐ-94 (ದೇಶಕ್ಕೆ ಬಂದ ದಾಖಲೆ) ಪ್ರತಿ, ಗ್ರೀನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ಒಸಿಐ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ವಿಮೆ ಪಾಲಿಸಿ. ಒಂದೇ ಜಲನಿರೋಧಕ ಚೀಲದಲ್ಲಿ, ಕೈಗೆ ಸಿಗುವ ಕಡೆ. ಎಲ್ಲದರ ಫೋಟೋ ಬೇರೆ ಊರಿನಲ್ಲಿರುವ ಒಬ್ಬರ ಬಳಿಯೂ ಇರಲಿ. ವರ್ಷಕ್ಕೊಮ್ಮೆ ಫೋನಿನಲ್ಲಿ ವಿಡಿಯೋ ಮಾಡುತ್ತಾ ಮನೆಯೆಲ್ಲ ಓಡಾಡಿ, ಬೀರು ಡ್ರಾಯರ್ ತೆರೆದು ತೋರಿಸಿ. ವಿಮೆಯವರು ಪುರಾವೆ ಕೇಳಿದಾಗ ಅದೇ ಕೈಹಿಡಿಯುತ್ತದೆ. ತಂದೆತಾಯಿಯ ಔಷಧಿಗಳ ಹೆಸರು, ಪ್ರಮಾಣವನ್ನೂ ಬರೆದಿಡಿ, ಭಾರತದ ಬ್ರ್ಯಾಂಡ್ ಹೆಸರು ಇಲ್ಲಿನ ಫಾರ್ಮಸಿಯವರಿಗೆ ತಿಳಿಯುವುದಿಲ್ಲ. ಮೂಲ ಔಷಧದ ಹೆಸರು ಬೇಕು.

ಎಚ್-1ಬಿ ಮೇಲಿದ್ದೇವೆ. ಫೆಮಾ ದುಡ್ಡು ಕೊಡುತ್ತದೆಯೇ?

ಮೊದಲನೆಯದಾಗಿ, ರಾಷ್ಟ್ರಾಧ್ಯಕ್ಷರು ವಿಪತ್ತು ಎಂದು ಘೋಷಿಸಿ, ನಿಮ್ಮ ಕೌಂಟಿಯನ್ನು ವೈಯಕ್ತಿಕ ನೆರವಿನ ಪಟ್ಟಿಗೆ ಸೇರಿಸಿದರೆ ಮಾತ್ರ ಆ ಪ್ರಶ್ನೆ. ಹತ್ತಾರು ಮನೆ ಬಿದ್ದ ಸಣ್ಣ ಕೌಂಟಿಗೆ ಆ ಘೋಷಣೆ ಬಾರದೆಯೂ ಹೋಗಬಹುದು. ನಗದು ನೆರವು ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ, ಇನ್ನು ಕೆಲವು ವರ್ಗದವರಿಗೆ. ತಾತ್ಕಾಲಿಕ ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾದವರಿಗೆ ಇಲ್ಲ. ಆದರೆ ಜೊತೆಯಲ್ಲಿರುವ ಮಗು ಇಲ್ಲೇ ಹುಟ್ಟಿದ ನಾಗರಿಕನಾಗಿದ್ದರೆ ಮಗುವಿನ ಪರವಾಗಿ ಅರ್ಜಿ ಹಾಕಲು ಅವಕಾಶವಿದೆ, ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಆಶ್ರಯ ಕೇಂದ್ರ, ಊಟ, ನೀರಿಗೆ ಯಾರ ವೀಸಾವೂ ಲೆಕ್ಕಕ್ಕಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಇನ್ನೊಮ್ಮೆ ಓದಿಕೊಳ್ಳಿ. ಹೇಗೂ ಆ ಹಣ ವಿಮೆಯ ಜಾಗ ತುಂಬುವುದಿಲ್ಲ.

ನೆರೆಹೊರೆಯವರ ಪರಿಚಯವೇ ಇಲ್ಲ. ಹೇಗೆ ಶುರು ಮಾಡುವುದು?

ನಮಗೆ ಸಂಕೋಚ, ಅವರಿಗೆ ನಮ್ಮ ಹೆಸರು ತಪ್ಪು ಹೇಳಿಬಿಟ್ಟೇವೆಂಬ ಅಂಜಿಕೆ. ಒಂದು ಡಬ್ಬಿ ಮೈಸೂರುಪಾಕು ಹಿಡಿದುಕೊಂಡು ಹೋಗಿ. ನಮ್ಮ ರಸ್ತೆಯ ಒಬ್ಬರ ಹತ್ತಿರ ಚೈನ್‌ಸಾ ಇದೆ, ಇನ್ನೊಬ್ಬರ ಹತ್ತಿರ ಹಿಮ ತಳ್ಳುವ ಟ್ರ್ಯಾಕ್ಟರ್, ನನ್ನ ಹೆಂಡತಿ ನರ್ಸ್. ಯಾರ ಹತ್ತಿರ ಏನಿದೆ ಎಂದು ಎಲ್ಲರಿಗೂ ಗೊತ್ತು. ಮರ ಬಿದ್ದು ನಮ್ಮ ದಾರಿ ಮುಚ್ಚಿದ ಬೆಳಿಗ್ಗೆ ನಾನು ಇನ್ನೂ ಯಾರಿಗೆ ಫೋನ್ ಮಾಡಲಿ ಎಂದು ಯೋಚಿಸುತ್ತಿದ್ದೆ, ಹೊರಗೆ ಆಗಲೇ ಗರಗಸದ ಸದ್ದು.

ಆಸಕ್ತಿಯಿದ್ದರೆ ಹ್ಯಾಮ್ ರೇಡಿಯೋ (ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡುವ ರೇಡಿಯೋ) ಪರವಾನಗಿ ತೆಗೆದುಕೊಳ್ಳಿ. ನಾಗರಿಕರೇ ಆಗಿರಬೇಕೆಂದಿಲ್ಲ; ಮೊದಲ ಹಂತದ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ಪಾಸು. ಟವರುಗಳು ಸತ್ತ ರಾತ್ರಿ ಅದೇ ಮಾತಾಡುವುದು.

ನಮ್ಮ ಮನೆ ಆಂಬ್ಯುಲೆನ್ಸಿಗೆ ಸಿಗುತ್ತದೆಯೇ?

ದಾರಿಯ ತುದಿಯಲ್ಲಿ, ಬೆಳಕು ಬಿದ್ದರೆ ಹೊಳೆಯುವ ಮನೆ ನಂಬರಿನ ಫಲಕ ಎರಡೂ ಕಡೆಯಿಂದ ಕಾಣುವಂತೆ ಹಾಕಿಸಿ. ರಾತ್ರಿ ಹೋಗಿ ಹೆಡ್‌ಲೈಟಿನಲ್ಲಿ ಓದಲು ಬರುತ್ತದೆಯೇ ನೋಡಿ. ನಮ್ಮದರ ಮುಂದೆ ಹುಲ್ಲು ಬೆಳೆದಿತ್ತು.

ಸೈರನ್ ನಿಂತಿತು. ಮೇಲೆ ಬರಬಹುದೇ?

ಸೈರನ್ ಕೆಲವು ನಿಮಿಷ ಕೂಗಿ ತಾನಾಗಿ ನಿಲ್ಲುತ್ತದೆ, ಅಪಾಯ ಕಳೆಯಿತು ಎಂದಲ್ಲ. ಅದಕ್ಕೆ ಬೇರೆ ಸೈರನ್ ಹೊಡೆಯುವ ಪದ್ಧತಿ ಬಹಳ ಕಡೆ ಇಲ್ಲ. ರೇಡಿಯೋದಲ್ಲಿ ವಾರ್ನಿಂಗ್ ಮುಗಿದ ಹೊತ್ತು ಕೇಳಿಸಿಕೊಂಡೇ ಮೇಲೆ ಬನ್ನಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗಿ, ದೂರದಿಂದ ಫೋನ್ ಮಾಡಿ. ನೆಲಕ್ಕೆ ಬಿದ್ದ ತಂತಿ ಸತ್ತಂತೆ ಕಂಡರೂ ಹತ್ತಿರ ಹೋಗಬೇಡಿ, ತಂತಿ ತಾಗಿರುವ ಬೇಲಿಯನ್ನೂ ಮುಟ್ಟಬೇಡಿ. ಗಾಳಿಯಲ್ಲಿ ಗೀರೂ ಆಗದೆ ಉಳಿದವರು ಮಾರನೆಯ ದಿನ ಅಂಗಳದಲ್ಲಿ ಮೊಳೆ ತುಳಿದು ಆಸ್ಪತ್ರೆ ಸೇರುತ್ತಾರೆ. ಹವಾಯಿ ಚಪ್ಪಲಿಯಲ್ಲಿ ಇಳಿಯಬೇಡಿ. ದಪ್ಪ ಅಟ್ಟೆಯ ಶೂ ಬೇಸ್‌ಮೆಂಟಿನಲ್ಲೇ ಇರಲಿ, ಎಲ್ಲರದೂ ಒಂದೊಂದು ಜೊತೆ.